ಸುಳ್ಳು ಮೂರು ದಿನ

ಸುರಪುರದ ನಮ್ಮ ಮನೆಯಲ್ಲಿ ಮುಟ್ಟಾದ ಹೆಂಗಸರು ಮೂರು ದಿನ ಹಿತ್ತಿಲ ಕಟ್ಟೆಯ ಮೇಲೆ ಕೂಡಬೇಕು. ಅದು ಓಣಿಗೆಲ್ಲ ಕಾಣುವ ಜಾಗ. ಯಾರು ಯಾವಾಗ ಕೂತರೆಂದು ನೆರೆಯವರಿಗೆ ನಮಗಿಂತ ಚೆನ್ನಾಗಿ ಗೊತ್ತಿರುತ್ತಿತ್ತು. ನನಗೆ ತಿಂಗಳುಗಟ್ಟಲೆ ಮುಟ್ಟು ಬಾರದೆ ಹೋದಾಗ ಅವ್ವ ಹೆದರಿದಳು. ಗಂಡು ನೋಡುವ ಹೊತ್ತಿನಲ್ಲಿ ಓಣಿಯ ಬಾಯಿಗೆ ಬೀಳುವುದು ಬೇಡ, ಬಂದರೂ ಬಾರದಿದ್ದರೂ ತಿಂಗಳಿಗೊಮ್ಮೆ ಹೋಗಿ ಕೂಡು ಎಂದಳು. ಎರಡು ವರ್ಷ ಸುಳ್ಳೇ ಕೂತೆ. ಒಳಗೊಳಗೇ ಕುದಿಯುತ್ತಿದ್ದೆ.

ಈ ವಿದ್ಯೆ ಮನೆಗೆ ತಂದವಳು ನಮ್ಮ ಜೊತೆಗಿದ್ದ ಸೋದರತ್ತೆ, ಅಪ್ಪನ ಅಕ್ಕ. ಹಾಗೆ ಕೂತು ಕೂತೇ ಆಕೆಯ ಮದುವೆಯಾಗಿತ್ತು. ಮಕ್ಕಳಾಗಲಿಲ್ಲವೆಂದು ಗಂಡನ ಮನೆಯವರು ವಾಪಸು ಕಳಿಸಿದ್ದರು. ಯಾರ ಮನೆಯ ತೊಟ್ಟಿಲ ಕಾರ್ಯಕ್ಕೂ ಆಕೆ ಹೋಗುತ್ತಿರಲಿಲ್ಲ.

ಕೊನೆಗೆ ಹಟ ಹಿಡಿದು ಅವ್ವನನ್ನು ಯಾದಗಿರಿಗೆ, ಡಾಕ್ಟರಮ್ಮನ ಬಳಿ ಎಳೆದುಕೊಂಡು ಹೋದೆ. ಸ್ಕ್ಯಾನ್, ರಕ್ತಪರೀಕ್ಷೆ ನೋಡಿ ಪಿಸಿಓಎಸ್, ಹಾರ್ಮೋನಿನ ಏರುಪೇರಿನಿಂದ ಮುಟ್ಟು ತಪ್ಪುವ ತೊಂದರೆ ಎಂದರು. ಮನೆಯಲ್ಲಿ ಬೇರೆ ಯಾರಿಗಾದರೂ ಹೀಗಿತ್ತೇ ಎಂದು ಕೇಳಿದಾಗ ಅವ್ವ, "ನಮ್ಮ ಮನ್ಯಾಗ ಎಲ್ಲಾರೂ ತಿಂಗಳಾ ಬರೋಬ್ಬರಿ ಹೊರಗ ಕೂಡ್ತಾರ್ರಿ" ಎಂದುಬಿಟ್ಟಳು. ಓಣಿಗೆ ಹೇಳುವ ಸುಳ್ಳನ್ನು ಡಾಕ್ಟರಿಗೂ ಹೇಳುವುದೇ? ನನಗೆ ತಡೆಯಲಾಗಲಿಲ್ಲ.

"ನಮ್ಮತ್ತಿ ಸುಳ್ಳ ಕೂಡತಿದ್ಲರಿ. ನಾನೂ ಹಂಗ."

ಡಾಕ್ಟರಮ್ಮ ಬರೆದುಕೊಂಡರು. ಇದು ಒಂದೇ ವಂಶವಾಹಿಯ ಕೆಲಸವಲ್ಲ, ಹಲವು ಸೇರಿದ್ದು, ತಾಯಿಯ ಕಡೆಯಿಂದ ಬರುವಂತೆ ತಂದೆಯ ಕಡೆಯಿಂದಲೂ ಬರಬಹುದು ಎಂದರು. ರಕ್ತದಲ್ಲಿದೆ ಅಂದಮಾತ್ರಕ್ಕೆ ಹಣೆಬರಹವಲ್ಲ. ಊಟ, ನಡಿಗೆ, ಮಾತ್ರೆಯಿಂದ ಹತೋಟಿಗೆ ತರಬಹುದು, ಬಹಳ ಜನರಿಗೆ ಮಕ್ಕಳೂ ಆಗುತ್ತವೆ ಎಂದರು. ಅವ್ವ ತಲೆ ತಗ್ಗಿಸಿ ಕೇಳಿಸಿಕೊಂಡಳು.

ಮನೆಗೆ ಬಂದು ಎಲ್ಲವನ್ನೂ ಅತ್ತೆಗೆ ಹೇಳಿದೆ. ಜೋಳ ಹಸನು ಮಾಡುತ್ತಿದ್ದ ಆಕೆಯ ಕೈ ನಿಂತಿತು.

"ಹಂಗಾರ ನಂದೇನೂ ತಪ್ಪಿರಲಿಲ್ಲೇನ?"

"ಇಲ್ಲತ್ತಿ. ನಿನಗ ಯಾರೂ ಔಷಧ ಕೊಡಿಸಲಿಲ್ಲ, ಅಷ್ಟ."

ಸಿಟ್ಟಿಗೆ ನನ್ನ ಕಣ್ಣು ತುಂಬಿದವು. ಇನ್ನು ಆ ಕಟ್ಟೆಯ ಮೇಲೆ ಸುಳ್ಳು ಕೂಡುವುದಿಲ್ಲ ಎಂದು ಅವ್ವನ ಮುಂದೆಯೇ ಹೇಳಿದೆ.

ಮುಂದಿನ ತಿಂಗಳು ಕೂಡಬೇಕಾದ ದಿನ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದೆ. ಪಕ್ಕದ ಮನೆಯಾಕೆ ಹಿತ್ತಿಲಿನಿಂದ ಇಣುಕಿ, "ಈ ತಿಂಗಳ ಹುಡುಗಿ ಹೊರಗ ಕುಂತಿಲ್ಲಲ್ಲ?" ಎಂದು ಕೇಳಿದಳು. ಅವ್ವನ ಮುಖ ಕಪ್ಪಿಟ್ಟಿತು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಎದ್ದು ಬಾಗಿಲಿಗೆ ಬಂದಳು.

"ಆಕಿಗೆ ಮುಟ್ಟು ಬಂದಿಲ್ಲ. ಔಷಧ ತೊಗೊಳ್ಳಾಕತ್ಯಾಳ. ನನಗೂ ಬರ್ತಿರಲಿಲ್ಲ, ಸುಳ್ಳ ಕೂಡತಿದ್ದೆ."