ಮೂರು ಕೈಯ ಆಟ

ಶನಿವಾರ ಸಂಜೆ ಭಾವಿಕೇರಿಯ ಮನೆಗೆ ಬಂದು, ಕಾಲು ತೊಳೆದು, ಟೀವಿ ಮುಂದೆ ಚಾಪೆ ಹಾಸಿ ವಿಡಿಯೋ ಗೇಮಿನ ಕಂಟ್ರೋಲರ್ ಕೈಗೆತ್ತಿಕೊಂಡರೆ ಕರ್ಪೂರ ಹಾಕಿ ಕಾಯಿಸಿದ ಕೊಬ್ಬರಿ ಎಣ್ಣೆಯ ವಾಸನೆ ಘಮ್ಮೆಂದಿತು. ವಾಸನೆಯೇನೂ ಹೊಸದಲ್ಲ. ಅಕ್ಕ ದಿನಾ ತನ್ನ ಬಲಗೈಗೆ ತಿಕ್ಕಿಕೊಳ್ಳುವ ಎಣ್ಣೆ ಅದು. ತಿಕ್ಕಿದ ಎಡಗೈಯಲ್ಲೇ ಆಟಕ್ಕೆ ಕೂರುವುದರಿಂದ ಕಂಟ್ರೋಲರಿನ ಎಡಭಾಗ ವರ್ಷಗಳಿಂದ ಅಂಟಂಟು. ಆದರೆ ಈ ಸಲ ಅಂಟಿದ್ದು ಬಲಭಾಗ. ಬಲಭಾಗ ನನ್ನದು. ನಾನು ತಲೆಗೇ ಎಣ್ಣೆ ಹಚ್ಚುವವನಲ್ಲ, ಹಚ್ಚಲು ಅಲ್ಲಿ ಹೆಚ್ಚೇನೂ ಉಳಿದೂ ಇಲ್ಲ.

ಒಂದೇ ಕಂಟ್ರೋಲರಿನಲ್ಲಿ ನಿನ್ನ ಭಾಗ, ಅಕ್ಕನ ಭಾಗ ಎಂದರೆ ಏನಪ್ಪಾ ಎಂದು ನೀವು ಕೇಳಬಹುದು. ಅದನ್ನು ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ನಾವು ಚಿಕ್ಕವರಿದ್ದಾಗ ಮಾವ ಅಂಕೋಲೆಯಿಂದ ಒಂದು ಟೀವಿ ಗೇಮು ತಂದುಕೊಟ್ಟಿದ್ದರು. ಒಂದು ಜೀವ ನಿನಗೆ, ಒಂದು ನನಗೆ ಎಂದು ಒಪ್ಪಂದ. ನನ್ನ ಜೀವ ಮೊದಲ ಹೊಂಡದಲ್ಲೇ ಬಿದ್ದು ಹೋಗುತ್ತಿತ್ತು. ಅಕ್ಕನ ಜೀವ ಮುಗಿಯುವಷ್ಟರಲ್ಲಿ ಒಲೆಯ ಮೇಲೆ ಅನ್ನ ಬೆಂದಿರುತ್ತಿತ್ತು. ಪರದೆಯ ಮೇಲಿನವನು ಹಾರಿದರೆ ಇವಳೂ ಚಾಪೆಯಿಂದ ಒಂದು ಗೇಣು ಮೇಲೇಳುತ್ತಿದ್ದಳು. ಅಂಥ ಆಟಗಾರ್ತಿಯನ್ನು ನಾನು ಆಮೇಲೆ ಕಾರವಾರದ ದೊಡ್ಡ ದೊಡ್ಡ ಹುಡುಗರಲ್ಲೂ ಕಾಣಲಿಲ್ಲ.

ಅಕ್ಕ ಬೆಳೆದು ಗದ್ದೆ ಕೆಲಸಕ್ಕೆ ನಿಂತಳು. ಒಂದು ಸುಗ್ಗಿಯಲ್ಲಿ ಭತ್ತ ಒಕ್ಕುವ ಯಂತ್ರದ ಬೆಲ್ಟಿಗೆ ಅವಳ ಬಲಗೈ ಸಿಕ್ಕಿತು. ಕೈ ಉಳಿಯಿತು, ಹೆಬ್ಬೆರಳು ಮಾತ್ರ ಕಟ್ಟಿಗೆಯಂತೆ ಸೆಟೆದು ನಿಂತಿತು. ಎಡಗೈಯಲ್ಲಿ ಕತ್ತಿ ಹಿಡಿದು ಹುಲ್ಲು ಕೊಯ್ಯುವುದನ್ನು ಅವಳು ಕಲಿತಳು. ಅವಳು ಅತ್ತದ್ದನ್ನು ನಾನು ನೋಡಲಿಲ್ಲ. ಅತ್ತವನು ನಾನು.

ಅಷ್ಟರಲ್ಲಿ ನಾನು ಕಾರವಾರದ ಎಲೆಕ್ಟ್ರಿಕ್ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿ, ಹಳೆಯದೊಂದು ಗೇಮಿನ ಪೆಟ್ಟಿಗೆ ಸಂಪಾದಿಸಿ ಮನೆಗೆ ತಂದಿದ್ದೆ. ಅಕ್ಕನ ಎದುರು ಆಡಲು ಸಂಕೋಚ. ಅವಳು ತೋಟಕ್ಕೆ ಹೋದಾಗ ಕದ್ದು ಆಡುತ್ತಿದ್ದೆ. ಒಂದು ದಿನ ಬೆನ್ನ ಹಿಂದೆ ಬಂದು ನಿಂತು, ನನ್ನ ಆಟ ನೋಡಲಾರದೆ ಅಂದಳು: "ಎಡಗಡೆ ನಂಗೆ ಕೊಡು. ನಾ ನಡಸ್ತೆ, ನೀ ಹೊಡಿ."

ಹಾಗೆ ಶುರುವಾಯಿತು. ಕಂಟ್ರೋಲರ್ ಇಬ್ಬರ ತೊಡೆಯ ನಡುವೆ. ನಡೆಸುವುದು ಅವಳ ಎಡಗೈ, ಹಾರಿಸುವುದು, ಹೊಡೆಯುವುದು ನನ್ನ ಬಲಗೈ. ನನ್ನ ಎಡಗೈ ಸುಮ್ಮನೆ ಶೇಂಗಾ ತಿನ್ನುತ್ತಿತ್ತು.

"ಹಾರೋ!"

"ಹಾರ್ದೆ!"

"ಹಾರಿದ್ದು ನಿನ್ನ ಬಾಯಿ!"

ಹೊಸಿಲ ಮೇಲೆ ಕೂತ ಆಯಿ, ನಮ್ಮಮ್ಮ, ನಗುತ್ತಿದ್ದಳು: "ಜೋಡೆತ್ತು ಕಟ್ಟಿದಂಗೆ ಕೂತ್ರಲ್ಲೋ! ಒಂದು ಕೆರೆಗೆ, ಒಂದು ದಿಬ್ಬಕ್ಕೆ." ಆಯಿ ಹೇಳಿದ್ದು ಸುಳ್ಳಲ್ಲ. ಆದರೆ ವರ್ಷ ಕಳೆಯುವಷ್ಟರಲ್ಲಿ ಅಕ್ಕ ಉಸಿರೆಳೆದುಕೊಂಡರೆ ಸಾಕು, ನನ್ನ ಹೆಬ್ಬೆರಳು ತಾನೇ ಹಾರುವ ಗುಂಡಿ ಒತ್ತುತ್ತಿತ್ತು.

ಇನ್ನು ನಮ್ಮ ಕಷ್ಟದ ವಿಷಯ. ದೀಪಾವಳಿಯ ಆಸುಪಾಸು ಬಂತೆಂದರೆ ಹೊಸ ಗೇಮುಗಳು ಒಂದರ ಮೇಲೊಂದು ಬಂದು ಬೀಳುತ್ತವೆ, ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು ಕಡಲಿಗಿಳಿದ ದೋಣಿಗಳೆಲ್ಲ ಮೀನು ಹೊತ್ತು ಒಟ್ಟಿಗೇ ದಡಕ್ಕೆ ಬಂದಂತೆ. ನಾವು ಆಡುವುದು ನಾನು ಕಾರವಾರದಿಂದ ಊರಿಗೆ ಬರುವ ಶನಿವಾರ ಸಂಜೆ ಮತ್ತು ಭಾನುವಾರ. ಹಾಗಾಗಿ ವರ್ಷಕ್ಕೆ ಒಂದೇ ಗೇಮು. ಆರಿಸುವುದು ತಪ್ಪಿದರೆ ವರ್ಷ ಹಾಳು. ಒಮ್ಮೆ ಕಾರಿನ ಗೇಮು ತಂದಿದ್ದೆ. ಸ್ಟೇರಿಂಗು ಅವಳದು, ವೇಗ ನನ್ನದು. ನಮ್ಮಿಬ್ಬರಲ್ಲಿ ಮಾತು ನಿಂತು, ಸೋಮವಾರ ಬೆಳಿಗ್ಗೆ ನಾನು ಬಸ್ಸಿಗೆ ಹೊರಟಾಗ ಅಕ್ಕ ಬುತ್ತಿಯನ್ನು ಆಯಿಯ ಕೈಯಲ್ಲಿ ಕಳಿಸಿದ್ದಳು.

ಅಂದಿನಿಂದ ನಾನು ಬಹಳ ಹುಷಾರು. ಕಾರವಾರದಿಂದ ಅಂಕೋಲೆಗೆ ಬರುವ ಬಸ್ಸಿನಲ್ಲಿ ಹೊಸ ಗೇಮುಗಳ ವಿಡಿಯೋ ಹಚ್ಚಿಕೊಂಡು ಕೂರುತ್ತೇನೆ. ಬಿಣಗಾ ಘಟ್ಟದ ತಿರುವಿನಲ್ಲಿ ವಿಡಿಯೋ ನಿಲ್ಲುತ್ತದೆ, ಚೆಂಡಿಯಾ ದಾಟಿದ ಮೇಲೆ ಮತ್ತೆ ಓಡುತ್ತದೆ. ವಿಡಿಯೋ ಮಾಡುವವರು ಹೊಂಡದ ನೀರಿನಲ್ಲಿ ಆಕಾಶ ಎಷ್ಟು ಚಂದ ಕಾಣುತ್ತದೆ ಎನ್ನುತ್ತಾರೆ, ಗೇಮಿನೊಳಗಿನ ಲೋಕ ಎಷ್ಟು ವಿಶಾಲ ಎನ್ನುತ್ತಾರೆ. ಇಬ್ಬರು ಸೇರಿ ಮೂರೇ ಕೈಯವರು ಆಡಬಹುದೇ ಎಂದು ಒಬ್ಬನೂ ಹೇಳುವುದಿಲ್ಲ. ಈ ಸಲ ಪಕ್ಕದಲ್ಲಿ ಕೂತ ಹಿರಿಯರೊಬ್ಬರು ಬಗ್ಗಿ ನೋಡಿ, "ಮಗಂಗಾ?" ಎಂದರು. ಹೌದೆಂದೆ. ನನಗಿನ್ನೂ ಮದುವೆಯೇ ಆಗಿಲ್ಲ.

ಹೀಗೆ ಸೋಸಿ ಸೋಸಿ ಮೂರನ್ನು ಉಳಿಸಿಕೊಂಡು ಬಂದಿದ್ದೆ. ಎಣ್ಣೆಯ ಕಂಟ್ರೋಲರನ್ನು ಪಂಚೆಯ ತುದಿಯಲ್ಲಿ ಒರೆಸುತ್ತಾ ಅಕ್ಕನ ಮುಂದೆ ಮೊದಲನೆಯದರ ಗುಣಗಾನ ಶುರುಮಾಡಿದೆ. ಹಳ್ಳಿಯ ಗೇಮು. ಬೀಜ ಬಿತ್ತುವುದು, ನೀರು ಬಿಡುವುದು, ಕೊಯ್ಯುವುದು. ಅವಸರವಿಲ್ಲ, ಬೆರಳಿಗೆ ನೋವಿಲ್ಲ.

ಅಕ್ಕ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಹಗಲಿಡೀ ಗದ್ದೆಲಿ ಬಗ್ಗಿ ಬಂದವ್ಳು ಸಂಜೆ ಟೀವಿಲೂ ನಟ್ಟಿ ಮಾಡೂದನೋ? ಕೂಲಿ ಯಾರು ಕೊಡ್ತ್ರು?"

ಎರಡನೆಯದು ಪತ್ತೇದಾರಿ. ಬರೀ ಮಾತು, ಯೋಚನೆ.

"ಮಾತಾಡೂಕೆ ನೀ ಸಾಕು. ಮೂರನೇದು ಎಂತದು?"

ಮೂರನೆಯದನ್ನು ನನ್ನ ಆಸೆಗೆಂದು ಉಳಿಸಿಕೊಂಡಿದ್ದೆ, ತೋರಿಸುವ ಧೈರ್ಯ ಇರಲಿಲ್ಲ. ಕತ್ತಿ ಕಾಳಗದ ಗೇಮು. ಕಣ್ಣು ಮಿಟುಕಿಸಿದರೆ ಸತ್ತ ಲೆಕ್ಕ. ಅಕ್ಕ ವಿಡಿಯೋ ಪೂರ್ತಿ ನೋಡಿ, "ಇದೇ ಬೇಕು" ಎಂದಳು.

"ಇದು ಕಷ್ಟ ಅಕ್ಕಾ. ನಾವು ಒಂದೇ ಕ್ಷಣಕ್ಕೆ..."

"ಬಲಗಡೆ ನಾ ಕೂತ್ಕಂತೆ. ನೀ ಎಡಗಡೆ ಬಾ."

ನನಗೆ ಅರ್ಥವಾಗಲಿಲ್ಲ. ಅವಳು ಕಂಟ್ರೋಲರನ್ನು ಕಿತ್ತುಕೊಂಡು ಬಲಗೈಯಲ್ಲಿ ಹಿಡಿದಳು. ಸೆಟೆದ ಹೆಬ್ಬೆರಳು ನಿಧಾನಕ್ಕೆ, ತುಕ್ಕು ಹಿಡಿದ ಬಾಗಿಲ ತಿರುಗಣೆಯ ಹಾಗೆ ಬಾಗಿ ಗುಂಡಿಯ ಮೇಲೆ ಬಂತು. ಟಿಕ್ ಎಂದಿತು.

"ಬಗ್ಗಿಸ್ತಾ ಇರದೇ ಹೋದ್ರೆ ಪೂರಾ ಕಟ್ಟಿಗೆ ಆಗ್ತದೆ ಅಂದ್ರು ಡಾಕ್ಟರಮ್ಮ. ನೀ ಇಲ್ದ ದಿನ ಮಳೆಗಾಲ ಪೂರಾ ಇದ್ನ ಹಿಡ್ಕಂಡೇ ಕೂತೆ. ಮೊದ್ಲು ಗುಂಡಿ ಮುಟ್ಟೂಕೂ ಆಗ್ಲಿಲ್ಲ. ನೀ ಬರೂ ಮೊದ್ಲು ಒರ್ಸಿ ಇಡ್ತಿದ್ದೆ, ಇವತ್ತು ಮರ್ತೆ."

ನನಗೆ ಸಂತೋಷ ಆಯಿತು, ಅಷ್ಟೇ ಹೆದರಿಕೆಯೂ ಆಯಿತು. ಸೋತು ಸೋತು ಬೇಸತ್ತು ಆ ಬೆರಳನ್ನು ಅವಳು ಮತ್ತೆ ಕೈಬಿಟ್ಟರೆ? ಈ ವರ್ಷಕ್ಕೆ ಸುಲಭದ್ದು ಇರಲಿ, ಮುಂದಿನ ದೀಪಾವಳಿಗೆ ಇದನ್ನು ನೋಡೋಣ ಎಂದು ಅಂಗಲಾಚಿದೆ.

"ಇಷ್ಟು ವರ್ಷ ನಂಗೆ ಹೊಂದೂದನ್ನೇ ಹುಡ್ಕಿ ತಂದಿ, ಹೌದು. ಈ ಸಲ ಹೊಂದದೇ ಇದ್ದದ್ದು ಬೇಕು. ಸುಲಭದ್ದು ತಂದ್ರೆ ಬೆರಳಿಗೆ ಗೊತ್ತಾಗ್ತದೆ, ತಮಾ."

ಆ ರಾತ್ರಿಯೇ ನೆಟ್ಟಿನಿಂದ ಅದನ್ನೇ ಇಳಿಸಿಕೊಂಡೆವು.

ಭಾನುವಾರ ಬೆಳಿಗ್ಗೆ, ದೋಸೆ ತಿಂದು, ಜಾಗ ಬದಲಿಸಿ ಕೂತೆವು. ಮೊದಲ ಸೇತುವೆಯ ಮೇಲೆ ಒಬ್ಬ ಭಾರೀ ಕಾವಲುಗಾರ. ನಾವು ಸತ್ತೆವು, ಮತ್ತೆ ಸತ್ತೆವು, ಆಯಿ ಲೆಕ್ಕ ಇಡುವುದನ್ನು ಬಿಟ್ಟು ಮೀನು ಸಾರಿಗೆ ಮಸಾಲೆ ಅರೆಯಲು ಎದ್ದಳು. ಆದರೆ ಸಾಯಿಸಿದ್ದು ಅಕ್ಕನ ಬೆರಳಲ್ಲ. ಅದು ತಡವಾಗಿಯಾದರೂ ಹೊಡೆಯುತ್ತಿತ್ತು. ಸೇತುವೆಯಿಂದ ಹೊಳೆಗೆ ಬೀಳುತ್ತಿದ್ದವನು ನಾನು. ಇಷ್ಟು ವರ್ಷ ಅವಳು ನಡೆಸಿದ ದಾರಿಯಲ್ಲಿ ಬರೀ ಹಾರಿ ಹೊಡೆದವನಿಗೆ ನೆಟ್ಟಗೆ ನಾಲ್ಕು ಹೆಜ್ಜೆ ನಡೆಯಲು ಬರುತ್ತಿರಲಿಲ್ಲ.

"ಕಾಲು ಸರೀ ಹಾಕೋ! ಕುಡ್ಕನ ಹಂಗೆ ಹೋಗ್ಬೇಡ!"

ಮಧ್ಯಾಹ್ನದ ಹೊತ್ತಿಗೆ ಒಂದು ಸಲ, ಒಂದೇ ಸಲ, ನಾನು ಬೀಳದೆ ಅವನ ಬೆನ್ನ ಹಿಂದೆ ತಲುಪಿದೆ. ಅಕ್ಕ ಉಸಿರೆಳೆದುಕೊಂಡಳು. ಟಿಕ್ ಎಂದಿತು. ಕಾವಲುಗಾರ ಸೇತುವೆಯ ಮೇಲೆ ಮಗುಚಿಬಿದ್ದ. ಅಕ್ಕ ಚಾಪೆಯಿಂದ ಒಂದು ಗೇಣು ಮೇಲೆದ್ದು ಕೂತಳು.

ನನ್ನ ಎಡ ಹೆಬ್ಬೆರಳು ಸೆಳೆಯುತ್ತಿತ್ತು. ನಾನು ತಿಕ್ಕಿಕೊಳ್ಳುವುದನ್ನು ನೋಡಿದ ಅಕ್ಕ ಎಣ್ಣೆಯ ಬಾಟಲಿಯನ್ನು ನನ್ನ ಕಡೆ ಸರಿಸಿ, "ಹೂಂ, ನಡಿ" ಎಂದಳು.