ಮುಚ್ಚಿಹೋಗುವ ಕಮಾನಿಗೆ ಎಣ್ಣೆ

ಬಳ್ಳಾರಿಯ ಪಾರ್ವತಿನಗರದಲ್ಲಿ ಈ ಬೆಳಿಗ್ಗೆ ಗಂಭೀರ ಪ್ರಶ್ನೆಯೊಂದು ತೀರ್ಮಾನವಾಗಬೇಕಿದೆ: ಇನ್ನು ಯಾರ ಕಣ್ಣಿಗೂ ಬೀಳದ ಕಟ್ಟಿಗೆಗೆ ಅಗಸೆ ಎಣ್ಣೆ ಹಚ್ಚಬೇಕೋ, ಬೇಡವೋ? ಹೊಸ ಸೀರೆ ಮಳಿಗೆಯ ಕಾವಲುಗಾರ ಎರ್ರಿಸ್ವಾಮಿಯದು ಬೇಡವೆಂಬ ಪಕ್ಷ.

"ನಾಳಿ ಕೆಳಗ ಸೀಲಿಂಗ್ ಹೊಡೀತಾರ. ಇಲಿಗೆ ತೋರಿಸಾಕ ಹಚ್ಚತೀಯೇನು ಜಡೆಪ್ಪಣ್ಣ?"

"ಇಲಿಗೂ ಕಣ್ಣದಾವಲ್ಲಪ್ಪ," ಎನ್ನುತ್ತಾರೆ ಏಣಿಯ ಮೇಲಿಂದ ಕುರುಗೋಡಿನ ಬಡಗಿ ಜಡೆಪ್ಪ. ಬೆಳಕು ಹರಿಯುವ ಮೊದಲೇ ಎಣ್ಣೆಬಟ್ಟೆ ಹಿಡಿದು ಹತ್ತಿದ್ದಾರೆ.

ಅವರ ತಲೆಯ ಮೇಲೆ ಮರದ ನಾಲ್ಕು ಕಮಾನುಗಳು ಇಡೀ ಛಾವಣಿ ಹೊತ್ತು ನಿಂತಿವೆ. ನಡುವೆ ಒಂದು ಕಂಬವೂ ಇಲ್ಲ. ತೆಳು ಹಲಗೆಗಳಿಗೆ ಅಂಟು ಬಳಿದು, ಒಂದರ ಮೇಲೊಂದು ಪೇರಿಸಿ, ಕಬ್ಬಿಣದ ಅಚ್ಚಿಗೆ ಬಾಗಿಸಿ ಬಿಗಿದು ಮಾಡಿದವು. ಇಲ್ಲಿಯ ಬಿಸಿಲಿಗೆ ಹಲಗೆ ಪೇರಿಸುವ ಮೊದಲೇ ಅಂಟು ಕಲ್ಲಾಗುತ್ತದೆ. ಹಾಗಾಗಿ ಕುರುಗೋಡಿನ ಶೆಡ್ಡಿನಲ್ಲಿ ಕೆಲಸವೆಲ್ಲ ನಸುಕಿನಲ್ಲೇ. ಬಿಗಿಯುತ್ತಿದ್ದುದು ಜಡೆಪ್ಪ, ಅಂಟು ಬಳಿಯುತ್ತಿದ್ದುದು ಹೆಂಡತಿ ದೊಡ್ಡಬಸಮ್ಮ.

ಮೊದಲ ಪ್ರಯತ್ನದ ಕಮಾನು ಅಂಟು ಬಿಟ್ಟು ಬಾಯಿ ತೆರೆದಿತ್ತು. ಜಡೆಪ್ಪನವರದು ಬಂಡಿ ಗಾಲಿ ಮಾಡುತ್ತಿದ್ದ ಮನೆತನ. ಮರ ಬಾಗಬೇಕೆಂದರೆ ನೆನೆಹಾಕುವುದು ರೂಢಿ. ಹಾಗೆಂದು ಹಲಗೆಗಳನ್ನೆಲ್ಲ ಕಾಲುವೆ ನೀರಿನಲ್ಲಿ ಮುಳುಗಿಸಿಟ್ಟರು. ಒದ್ದೆ ಮರಕ್ಕೆ ಅಂಟು ಹಿಡಿಯಲಿಲ್ಲ.

"ನಮ್ಮಾಕಿ ನಕ್ಕಳು ನೋಡ್ರಿ. 'ಕಡ್ಲಿ ಅಂದ್ಕೊಂಡ್ರೇನು, ನೆನಸಾಕ?' ಅಂತ. ಕೆಮ್ಮು ಬರೋತನಕ ನಕ್ಕಳು."

ಆ ಕೆಮ್ಮು ನಿಲ್ಲಲಿಲ್ಲ. ನಾಲ್ಕನೆಯ ಕಮಾನನ್ನು ಅಚ್ಚಿನಿಂದ ಬಿಚ್ಚುವಷ್ಟರಲ್ಲಿ ದೊಡ್ಡಬಸಮ್ಮ ತೀರಿಕೊಂಡಿದ್ದರು. ತಾವು ಮಾಡಿದ್ದು ಎದ್ದು ನಿಂತದ್ದನ್ನು ಅವರು ನೋಡಿಲ್ಲ.

ಮಾಲೀಕ ಚನ್ನಬಸವರಾಜರಿಗೆ ಊರಿನಲ್ಲಿ ಯಾರಲ್ಲೂ ಇಲ್ಲದ್ದು ಬೇಕಿತ್ತು. ಕಮಾನು ಎದ್ದು ನಿಂತ ಮೇಲೆ ಅವರ ಮನೆಯವರು "ದನದ ಕೊಟಗಿ ಕಂಡಂಗ ಐತಿ" ಅಂದರು. ಅಷ್ಟು ವಿಮರ್ಶೆ ಸಾಕಾಯಿತು. ಬಿಳಿ ಜಿಪ್ಸಮ್ ಹಲಗೆಯಿಂದ ಎಲ್ಲವನ್ನೂ ಮುಚ್ಚಲು ಅಪ್ಪಣೆಯಾಗಿದೆ.

ಬಿಸಿಲೇರಿದ ಮೇಲೆ ಬಂದ ಮಾಲೀಕರೆದುರು ಜಡೆಪ್ಪ ಕೈ ಒರೆಸಿಕೊಂಡು ನಿಲ್ಲುತ್ತಾರೆ. "ಸಾವ್ಕಾರ್ರೆ, ಮೂರು ಮುಚ್ಚರಿ. ಬಾಗಲ ಹತ್ರದ್ದು ಒಂದು ಬಿಡ್ರಿ. ಆಕಿ ಕೈಲೆ ಆಗಿದ್ದು."

"ಎಲ್ಲಾನೂ ಆಕಿ ಕೈಲೇ ಆಗ್ಯಾವಲ್ಲೋ?"

"ಹೌದ್ರಿ. ಆದ್ರ ಇದು ಕಡೀದು."

ಚನ್ನಬಸವರಾಜ ಬಹಳ ಹೊತ್ತು ಮೇಲೆ ನೋಡುತ್ತಾರೆ. ಕೆಟ್ಟ ಮನುಷ್ಯರಲ್ಲ. "ನೋಡೋಣ," ಎನ್ನುತ್ತಾರೆ.

ಮರುದಿನ ಸಂಜೆಯೊಳಗೆ ನಾಲ್ಕೂ ಕಮಾನು ಮುಚ್ಚಿಹೋದವು.