ಲಿಜ್ಜಿ ಬರೆದುಕೊಂಡ ದೂರುಗಳು

ಮಂಚದ ಪಕ್ಕದ ಕಂಬಿಗೆ ಹೊಸ ಕೊಂಡಿ ಹಾಕುವುದು ಅರ್ಧ ಗಂಟೆಯ ಕೆಲಸ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕುವೈತಿನ ಫಹಾಹೀಲಿನಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಒಂದು ಖಾಸಗಿ ಕೇಂದ್ರದಲ್ಲಿ ಹನ್ನೊಂದು ವರ್ಷ ರಿಪೇರಿ ಕೆಲಸ ಮಾಡಿದವನು ನಾನು, ಕೊನ್ರಾಡ್. ಕೊಂಡಿ, ಸ್ಪ್ರಿಂಗು ಎಲ್ಲ ನನ್ನ ಡಬ್ಬದಲ್ಲೇ ಇದ್ದವು. ಯಾರೂ ಕೇಳಲಿಲ್ಲ.

ಲಿಜ್ಜಿ ಅಲ್ಲಿನ ಹಿರಿಯ ನರ್ಸ್. ಕಿನ್ನಿಗೋಳಿ ಕಡೆಯವಳು, ಕೊಲ್ಲಿ ಯುದ್ಧ ಮುಗಿದ ಮರುವರ್ಷವೇ ಕುವೈತಿಗೆ ಬಂದವಳು. ಬಾಯಿ ಜೋರು, ಕೈ ಮೆತ್ತಗೆ. ಮುದುಕಿಯೊಬ್ಬಳು ಸಿಟ್ಟಿನಲ್ಲಿ ಚಪ್ಪಲಿ ಎಸೆದರೆ ಅದನ್ನೇ ಹೆಕ್ಕಿ ತಂದು ಅವಳ ಕಾಲಿಗೆ ತೊಡಿಸುತ್ತಿದ್ದಳು. ಅರಬಿ ಮಾತನ್ನು ಆ ಮುದುಕಿಯರ ಬೈಗುಳದಿಂದಲೇ ಕಲಿತದ್ದು.

ದೂರಿನ ರಿಜಿಸ್ಟರ್ ಅವಳ ಕೈಗೆ ಬಂದದ್ದೂ ಹಾಗೆಯೇ. ಮ್ಯಾನೇಜರಿಗೆ ಅರಬಿ ಬಾರದು, ದೂರು ಹೇಳಲು ಬರುವ ಮನೆಯವರಿಗೆ ಇಂಗ್ಲಿಷ್ ಬಾರದು. ಅವರು ಅರಬಿಯಲ್ಲಿ ಹೇಳಿದ್ದನ್ನು ಲಿಜ್ಜಿ ಇಂಗ್ಲಿಷಿನಲ್ಲಿ ಬರೆಯುವಳು. ಏನು ಬರೆದಿದ್ದಾಳೆಂದು ಓದಲಾಗದೆ ಅವರು ಕೆಳಗೆ ಸಹಿ ಹಾಕುವರು. ಎಂಥ ದೂರಿದ್ದರೂ ಮ್ಯಾನೇಜರರ ಪ್ರಶ್ನೆ ಒಂದೇ: ‘ಡ್ಯೂಟಿ ಯಾರದ್ದು?’ ಏನು ಕೆಟ್ಟಿತ್ತು, ಯಾಕೆ ಕೆಟ್ಟಿತ್ತು ಎಂದು ಆ ಮಹಾನುಭಾವರು ಒಂದು ದಿನವೂ ಕೇಳಿದವರಲ್ಲ. ಡ್ಯೂಟಿಯಲ್ಲಿದ್ದ ಹುಡುಗಿ ಊರಿಗೆ ಹೋಗುವಳು, ಫೈಲು ಮುಚ್ಚುವುದು.

‘ಒಂದು ಕಂಪ್ಲೇಂಟಿಗೆ ಒಬ್ಬಳ ಇಕಾಮಾ ಹೋಗ್ತದೆ ಕೊನ್ರಾಡ್. ನಾನು ಎಂತ ಮಾಡ್ಲಿ?’ ಎನ್ನುತ್ತಿದ್ದಳು. ಇಕಾಮಾ ಹೋದರೆ ಆ ದೇಶದಲ್ಲಿ ಉಳಿಯುವ ಪರವಾನಗಿಯೇ ಹೋದಂತೆ. ಹಾಗಾಗಿ ದೂರನ್ನು ಸೋಸಿ ಬರೆಯುತ್ತಿದ್ದಳು. ಗಂಟೆ ಇಲ್ಲ, ಕೋಣೆ ಇಲ್ಲ, ಹೆಸರು ಇಲ್ಲ. ಅದನ್ನು ನಾವೆಲ್ಲ ಪುಣ್ಯದ ಕೆಲಸವೆಂದೇ ತಿಳಿದಿದ್ದೆವು. ನಾನೂ.

೨೦೦೬ರಲ್ಲಿ ಲವಿಟಾ ಬಂದಳು. ಕೂಸಾಗಿದ್ದಾಗ ಅವಳ ಜ್ಞಾನಸ್ನಾನದಲ್ಲಿ ಧರ್ಮಮಾತೆಯಾಗಿ ಎತ್ತಿಕೊಂಡವಳು ಲಿಜ್ಜಿ. ವೀಸಾ ಮಾಡಿಸಿ ಕರೆಸಿಕೊಂಡವಳೂ ಅವಳೇ. ಆರು ತಿಂಗಳಾಗಿರಲಿಲ್ಲ, ಒಂದು ಮಧ್ಯಾಹ್ನ ಉಮ್ಮ್ ಜಾಸಿಮ್ ಎಂಬ ಮುದುಕಿ ಮಂಚದಿಂದ ಜಾರಿ ಬಿದ್ದಳು. ಪುಣ್ಯಕ್ಕೆ ಮೊಣಕೈ ತರಚಿತು, ಅಷ್ಟೇ. ಮಗಳು ಬಂದು ದೂರು ಹೇಳಿದಳು: ಹುಡುಗಿ ಕೋಣೆಯಲ್ಲಿರಲಿಲ್ಲ, ಕಂಬಿ ಎತ್ತಿಯೇ ಇತ್ತು, ಅಮ್ಮ ಒರಗಿದೊಡನೆ ತಾನಾಗಿ ಕೆಳಗೆ ಬಿತ್ತು.

ಲಿಜ್ಜಿ ಹೋಗಿ ಕಂಬಿಯನ್ನು ಕೈಯಿಂದ ಅಲುಗಾಡಿಸಿ ನೋಡಿದಳು. ಗಟ್ಟಿಯಾಗಿತ್ತು. ಲವಿಟಾ ಊರಿನ ಫೋನು ಬಂತೆಂದು ಹತ್ತು ನಿಮಿಷ ಹೊರಗೆ ಹೋದದ್ದು ನಿಜ.

‘ದೇವರಾಣೆ ಲಿಜ್ಜಿಬಾಯಿ, ಕಂಬಿ ಹಾಕಿಯೇ ಹೋದದ್ದು ನಾನು.’

‘ತಪ್ಪೂ ಮಾಡಿ ಸುಳ್ಳೂ ಹೇಳ್ತೀಯಾ?’ ಎಂದು ಗದರಿದ ಲಿಜ್ಜಿ, ರಿಜಿಸ್ಟರಿನಲ್ಲಿ ಒಂದೇ ಸಾಲು ಬರೆದಳು: ಸಿಬ್ಬಂದಿ ಇನ್ನೂ ಸ್ವಲ್ಪ ಗಮನ ಕೊಟ್ಟರೆ ಒಳ್ಳೆಯದು. ಕಂಬಿಯ ಮಾತು ಬರೆದರೆ ಹುಡುಗಿಯ ಮಾತೂ ಬರುತ್ತದಲ್ಲ. ಆ ಮಗಳು ಸಹಿ ಹಾಕಿ, ಲಿಜ್ಜಿಯ ಕೈ ಹಿಡಿದು ಉಪಕಾರವಾಯಿತು ಎಂದು ಹೇಳಿ ಹೋದಳಂತೆ. ನನಗೆ ಇದೆಲ್ಲ ಆಮೇಲೆ ಗೊತ್ತಾದದ್ದು.

ಎರಡು ತಿಂಗಳಿಗೆ ಅದೇ ಮಂಚಕ್ಕೆ ಉಮ್ಮ್ ಖಾಲಿದ್ ಬಂದಳು. ಅವಳೂ ಬಿದ್ದಳು, ಸೊಂಟದ ಮೂಳೆ ಮುರಿಯಿತು. ಹನ್ನೆರಡನೆಯ ದಿನ ಆಸ್ಪತ್ರೆಯಲ್ಲಿ ತೀರಿಕೊಂಡಳು. ಆವತ್ತೂ ಡ್ಯೂಟಿ ಲವಿಟಾಳದ್ದು. ನೀರು ತರಲು ಎದ್ದಿದ್ದಳು, ಕಂಬಿ ಹಾಕಿಯೇ ಎದ್ದೆ ಎಂದಳು. ಮ್ಯಾನೇಜರ್ ರಿಜಿಸ್ಟರನ್ನು ಹಿಂದುಮುಂದು ತಿರುವಿದರು. ಕಂಬಿಯ ಬಗ್ಗೆ ಒಂದಕ್ಷರ ಇಲ್ಲ. ಕಂಬಿಗೆ ದೋಷವಿಲ್ಲವೆಂದರೆ ದೋಷ ಹುಡುಗಿಯದ್ದು. ಖಲಾಸ್.

ಶುಕ್ರವಾರ ಅವಳನ್ನು ಊರಿಗೆ ಕಳಿಸಿದರು. ಲಿಜ್ಜಿ ವಿಮಾನ ನಿಲ್ದಾಣಕ್ಕೂ ಹೋಗಲಿಲ್ಲ. ‘ಎರಡು ಸಲವಾ ಕೊನ್ರಾಡ್? ಒಂದು ಜೀವ ತೆಗೆದಳಲ್ಲ,’ ಎಂದು ಅತ್ತಳು.

ಮರುವಾರ ಆ ಮಂಚ ಬಣ್ಣಕ್ಕೆಂದು ನನ್ನ ಕೋಣೆಗೆ ಬಂತು. ಕಂಬಿ ಎತ್ತಿ ನಿಲ್ಲಿಸಿ, ಆಚೆಗಿದ್ದ ಬ್ರಶ್ಶಿಗೆ ಕೈಚಾಚುತ್ತ ಅದರ ಮೇಲೆ ಒರಗಿದೆ. ದಡಕ್ಕನೆ ಕೆಳಗಿಳಿಯಿತು. ಬಿಚ್ಚಿ ನೋಡಿದರೆ ಕೊಂಡಿಯ ಹಲ್ಲು ಸವೆದು ನುಣ್ಣಗಾಗಿತ್ತು. ಕೈಯಿಂದ ಅಲುಗಾಡಿಸಿದರೆ ನಿಲ್ಲುತ್ತದೆ, ಮೈಭಾರ ಬಿದ್ದರೆ ನಿಲ್ಲುವುದಿಲ್ಲ. ನನ್ನ ಹಾಳು ಬಾಯಿ. ಚಹಾದ ಹೊತ್ತಿಗೆ ತಮಾಷೆಯಾಗಿಯೇ ಹೇಳಿದೆ: ‘ನಾನೂ ಬೀಳ್ತಿದ್ದೆ ಮಾರಾಯ್ತಿ ಇವತ್ತು, ಆ ಕಂಬಿ ಒರಗಿದರೆ ನಿಲ್ಲುವುದಿಲ್ಲ.’

ಲಿಜ್ಜಿ ಲೋಟ ಕೆಳಗಿಟ್ಟಳು. ಉಮ್ಮ್ ಜಾಸಿಮಳ ಮಗಳು ಹೇಳಿದ್ದು, ತಾನು ಬರೆಯದೆ ಬಿಟ್ಟದ್ದು ಎಲ್ಲ ಹೇಳಿದಳು. ನಾನು ಸಮಾಧಾನ ಮಾಡಲಿಲ್ಲ. ‘ದಿನಾ ನನ್ನ ಎದುರೇ ಕೂತು ಚಹಾ ಕುಡಿದೆಯಲ್ಲ. ಒಂದು ಮಾತು ಹೇಳ್ಲಿಕ್ಕೆ ಎಂತ ಆಗಿತ್ತು ನಿಂಗೆ?’ ಎಂದೆ. ಹಾಗೆ ಕೇಳಬಾರದಿತ್ತು, ಆದರೆ ಕೇಳಿದೆ.

ಅವತ್ತೇ ಅವಳು ಮ್ಯಾನೇಜರರ ಬಳಿ ಹೋಗಿ ತನ್ನ ಮೇಲೆ ತಾನೇ ದೂರು ಹೇಳಿದಳು. ಕೇಂದ್ರ ಆಮೇಲೆ ಬುದ್ಧಿ ಕಲಿಯಿತು ಅನ್ನಿ. ಇಪ್ಪತ್ತಾರು ಮಂಚ ಪರೀಕ್ಷಿಸಿದೆ, ಮೂರರಲ್ಲಿ ಕೊಂಡಿ ಸವೆದಿತ್ತು. ಬರೆದ ದೂರನ್ನು ಹೇಳಿದವರ ಭಾಷೆಯಲ್ಲೇ ಓದಿ ಹೇಳಿ ಸಹಿ ಪಡೆಯಬೇಕು, ಒಂದು ಪ್ರತಿ ನನಗೆ ಬರಬೇಕು ಎಂದು ನಿಯಮವಾಯಿತು.

ಆ ನಿಯಮದ ಪ್ರಕಾರ ಬರೆದ ಮೊದಲ ದೂರು ಲಿಜ್ಜಿಯದ್ದೇ. ತನ್ನ ಮೇಲಿನ ದೂರನ್ನು ಅವಳೇ ಬರೆಯುವಂತಿರಲಿಲ್ಲ, ನಾನೇ ಬರೆದುಕೊಂಡೆ. ತಾರೀಖು, ಗಂಟೆ, ಕೋಣೆ, ಸವೆದ ಕೊಂಡಿ, ಬಿಟ್ಟುಹೋದ ಮಾತುಗಳು. ಓದಿ ಹೇಳಿ, ಸರಿ ಉಂಟಾ ಎಂದು ಕೇಳಿದೆ.

‘ಒಂದು ಬಿಟ್ಟಿದ್ದೀ. ಹುಡುಗಿ ಎರಡು ಸಲವೂ ಸತ್ಯವೇ ಹೇಳಿದ್ದಳು. ಬರಿ.’

ಬರೆದೆ. ಅವಳು ಸಹಿ ಹಾಕಿದಳು. ಮಾರನೆಯ ದಿನ ಅವಳ ವೀಸಾ ಕ್ಯಾನ್ಸಲ್ ಆಯಿತು. ಆ ಒಂದು ಸಾಲನ್ನು ಲವಿಟಾಳಿಗೆ ಓದಿ ಹೇಳೋಣವೆಂದು ಊರಿಗೆ ಮೂರು ಸಲ ಫೋನು ಮಾಡಿದೆ. ಲಿಜ್ಜಿಬಾಯಿಯ ವಿಷಯ ಎಂದೊಡನೆ ಮೂರು ಸಲವೂ ಅವಳು ಫೋನು ಇಟ್ಟುಬಿಟ್ಟಳು.